ಜಿರಳೆ ಮೇಷ್ಟ್ರ ಏಳನೇ ಪೆಟ್ಟಿಗೆ

"ಏಳನೇದನ್ನ ಅಪ್ಪ ಜೋಡಿಸಿಲ್ಲ ಮೇಡಂ," ಎಂದಳು ಮಗಳು.

ಮುಚ್ಚಳದ ಕೊಕ್ಕೆಗೆ ಬೆರಳು ಹಾಕಿದ್ದ ಇನ್ಸ್‌ಪೆಕ್ಟರ್ ಹಾಗೇ ನಿಂತಳು.

"ಮುಚ್ಚಳ ಇನ್ನೂ ತೆಗೆದೇ ಇಲ್ಲ. ನಿಂಗೆ ಹೇಗೆ ಗೊತ್ತಾಯ್ತು?"

"ಕಿವಿಗೊಟ್ಟು ಕೇಳಿ."

ಆಕೆ ಕೇಳಿದಳು. ಗೋಡೆಗೆ ಒರಗಿಸಿದ ಕಬ್ಬಿಣದ ರ‍್ಯಾಕಿನಲ್ಲಿ ಏಳು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಗಳು. ಒಂದೊಂದರಲ್ಲೂ ಸಾವಿರಾರು ಜಿರಳೆ. ಆರು ಪೆಟ್ಟಿಗೆಗಳಿಂದ ತರಗೆಲೆ ತುಳಿದಂಥ ಸದ್ದು ಬಿಡದೆ ಬರುತ್ತಿತ್ತು. ಕೆಳಗಿನ ಸಾಲಿನ ಮೂಲೆಯಲ್ಲಿದ್ದ ಏಳನೆಯದು ಮಾತ್ರ ಉಸಿರೆತ್ತುತ್ತಿರಲಿಲ್ಲ.

ಇದೇ ಕೋಣೆಯಲ್ಲಿ ಮೊನ್ನೆ ಮಧ್ಯಾಹ್ನ ಜಿರಳೆ ಮೇಷ್ಟ್ರು ತಲೆ ಒಡೆದು ಸತ್ತಿದ್ದರು. ಕೊಂದವನೆಂದು ಹಿಡಿದು ತಂದ, ಜಿರಳೆ ಕಾಟಕ್ಕೆ ದಿನಾ ಜಗಳವಾಡುತ್ತಿದ್ದ ಕೆಳಮನೆಯ ದರ್ಜಿ ಲಾಕಪ್ಪಿನಲ್ಲಿದ್ದ. ಹೊಡೆದ ಆಯುಧ, ಮೇಷ್ಟ್ರ ಫೋನು ಮಾತ್ರ ಸಿಕ್ಕಿರಲಿಲ್ಲ.

ಹೆಣವನ್ನು ಮೊದಲು ಕಂಡವಳು ಈ ಮಗಳೇ. ಎರಡು ಬೀದಿ ಆಚೆ ಗಂಡನ ಮನೆ. ದಿನಾ ಸಂಜೆ ಬಂದು ಅಪ್ಪನಿಗೆ ಪೆಟ್ಟಿಗೆಗಳ ಕೆಲಸದಲ್ಲಿ ಕೈಜೋಡಿಸುತ್ತಿದ್ದಳು. ಮೊನ್ನೆ ಬಂದಾಗ ಬಾಗಿಲ ಪಕ್ಕದ ಒಂದು ಪೆಟ್ಟಿಗೆ ಮಗುಚಿಬಿದ್ದಿತ್ತು. ಅದರಿಂದ ಹೊರಬಿದ್ದ ಜಿರಳೆಗಳು ಕತ್ತಲು ಹುಡುಕಿಕೊಂಡು ಮೇಷ್ಟ್ರ ಅಂಗಿಯೊಳಗೆ, ಕಾಲರಿನ ಸಂದಿಗೆ, ಕಿವಿಯ ಹಿಂದಕ್ಕೆ ಸೇರಿಕೊಂಡಿದ್ದವು. ಹಣೆಯ ಮೇಲೆ ಹೆಪ್ಪುಗಟ್ಟಿದ್ದ ರಕ್ತವನ್ನು ಅಂಚಿನಿಂದ ಮೇಯ್ದುಕೊಂಡು ಬಂದಿದ್ದವು. ಎಡಗಣ್ಣಿನ ರೆಪ್ಪೆಯಲ್ಲಿ ಒಂದು ಕೂದಲೂ ಉಳಿದಿರಲಿಲ್ಲ.

ಅವಳು ಕಿರುಚಿಕೊಳ್ಳಲಿಲ್ಲವಂತೆ. ಪಕ್ಕದವರು ಬರುವವರೆಗೂ ಅಪ್ಪನ ಮೈಮೇಲಿಂದ ಒಂದೊಂದನ್ನೇ ಎತ್ತಿ ಪೆಟ್ಟಿಗೆಗೆ ಹಾಕುತ್ತ ಕೂತಿದ್ದಳಂತೆ.

ಆ ದಿನ ಬಂದ ಪೇದೆಗಳು ಪ್ರತಿ ಪೆಟ್ಟಿಗೆಯ ಮುಚ್ಚಳ ಎತ್ತಿ, ಇಣುಕಿ, ಮುಖ ಸಿಂಡರಿಸಿ, ಮುಚ್ಚಿದ್ದರು. ವರದಿಯಲ್ಲಿ 'ಕೂಲಂಕಷವಾಗಿ ಶೋಧಿಸಲಾಯಿತು' ಎಂದು ಬರೆದಿದ್ದರು.

"ಒಳಗೆ ಬನ್ನಿ," ಎಂದಳು ಇನ್ಸ್‌ಪೆಕ್ಟರ್, ಬಾಗಿಲ ಕಡೆ ತಿರುಗದೆಯೇ. "ಮುಚ್ಚಳ ಹಿಡ್ಕೊಳ್ಳಿ."

ಹೊಸ್ತಿಲಾಚೆ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್‌ ಅಲುಗಲಿಲ್ಲ. ಠಾಣೆಯಲ್ಲಿ ಎಲ್ಲರೂ ಅವನನ್ನು ಕಡ್ಡಿ ಅನ್ನುತ್ತಿದ್ದರು. ಕೆಲಸಕ್ಕೆ ಸೇರಿದಾಗ ಕಡ್ಡಿಯಂತಿದ್ದನಂತೆ. ಈಗ ಅವನು ಅಡ್ಡ ನಿಂತರೆ ಬಾಗಿಲು ಬೇರೆ ಬೇಡ. ವಾಸನೆಗೆಂದು ಮೂಗಿನಿಂದ ಗದ್ದದವರೆಗೆ ಕರವಸ್ತ್ರ ಬಿಗಿದುಕೊಂಡಿದ್ದ.

"ಇಲ್ಲಿಂದಲೇ ಕಾಣ್ಸತ್ತೆ ಮೇಡಂ. ಏಳನೇ ಕ್ಲಾಸಲ್ಲಿ ನನಗೆ ವಿಜ್ಞಾನ ಹೇಳ್ಕೊಟ್ಟಿದ್ದು ಇದೇ ಮೇಷ್ಟ್ರು. ಆಗಲೂ ವರ್ಷದಲ್ಲಿ ಅರ್ಧದಷ್ಟು ದಿನ ನನ್ನನ್ನ ಬಾಗಿಲ ಹೊರಗೇ ನಿಲ್ಲಿಸ್ತಿದ್ರು. ಅಭ್ಯಾಸ ಆಗಿಹೋಗಿದೆ."

ಮಗಳ ಮುಖದಲ್ಲಿ ನಗುವಿನಂಥದೇನೋ ಸುಳಿದು ಹೋಯಿತು.

ಇನ್ಸ್‌ಪೆಕ್ಟರ್ ತಾನೇ ಮುಚ್ಚಳ ತೆಗೆದಳು. ಬಿಸಿಗಾಳಿ ಮುಖಕ್ಕೆ ಬಡಿಯಿತು. ಪೆಟ್ಟಿಗೆಗಳ ತಳದಲ್ಲಿ ವಿದ್ಯುತ್ತಿನ ಶಾಖದ ತಂತಿ ಹಾಯಿಸಿದ್ದರು. ಬೇಸಿಗೆ ಮಧ್ಯಾಹ್ನದಷ್ಟು ಕಾವು ಇಲ್ಲದಿದ್ದರೆ ಈ ಜಾತಿ ಮರಿ ಹಾಕುವುದಿಲ್ಲ. ಉಳಿದ ಪೆಟ್ಟಿಗೆಗಳಲ್ಲಿ ಕಾವಿನ ಜೊತೆ ಒದ್ದೆ ರಟ್ಟಿನ, ಕಿತ್ತಳೆ ಸಿಪ್ಪೆಯ ವಾಸನೆ ಇತ್ತು. ಇದರಲ್ಲಿ ಕೊಳೆತ ಮೀನಿನ ನಾತ.

"ನೋಡಿ. ಟ್ರೇ ಮಲಗಿಸಿದಾರೆ," ಎಂದಳು ಮಗಳು.

ಮೊಟ್ಟೆ ಮಾರುವ ರಟ್ಟಿನ ಟ್ರೇಗಳು. ಒಂದರ ಮೇಲೊಂದು, ಹನ್ನೆರಡೋ ಹದಿಮೂರೋ.

"ಅದರಲ್ಲಿ ಏನು ತಪ್ಪು?"

"ಟ್ರೇ ನಿಲ್ಲಿಸಬೇಕು ಮೇಡಂ. ಕಪಾಟಲ್ಲಿ ಪುಸ್ತಕ ಇಟ್ಟ ಹಾಗೆ. ಆಗ ಹಿಕ್ಕೆಯೆಲ್ಲ ತಳಕ್ಕೆ ಉದುರಿ ಹೋಗತ್ತೆ, ಗಾಳಿ ಆಡತ್ತೆ. ಹೀಗೆ ಒಟ್ಟಿದ್ರೆ ಕೆಳಗಿನವು ಮೇಲಿನವುಗಳ ಭಾರಕ್ಕೆ ಅಪ್ಪಚ್ಚಿ. ಇಪ್ಪತ್ತು ವರ್ಷದಲ್ಲಿ ಅಪ್ಪ ಒಂದು ಟ್ರೇನೂ ಮಲಗಿಸಿಲ್ಲ. ಹಲ್ಲಿ ಸಾಕೋರು, ಮೀನು ಸಾಕೋರು ಊರಾಚೆಯಿಂದ ಬರ್ತಿದ್ರು ನಮ್ಮನೆಗೆ. ಮೇಷ್ಟ್ರ ಜಿರಳೆ ತಿಂದ್ರೆ ಹಲ್ಲಿ ಬಣ್ಣಾನೇ ಬೇರೆ ಅಂತಿದ್ರು."

ಅವಳ ಬಲಗೈ ಮೊಣಕೈಯಿಂದ ಬೆರಳಿನ ಬುಡದವರೆಗೆ ಪ್ಲಾಸ್ಟರ್ ಪಟ್ಟಿಯಲ್ಲಿತ್ತು. ಎಡಗೈ ಒಂದರಿಂದಲೇ ಟ್ರೇಗಳನ್ನು ಎತ್ತಿ ಪಕ್ಕಕ್ಕಿಟ್ಟಳು. ಮೇಲಿನ ಟ್ರೇಗಳಿಂದ ಹೆಬ್ಬೆರಳಿನಷ್ಟು ದಪ್ಪನೆಯ ಕಂದು ಜಿರಳೆಗಳು ಬೆಳಕಿಗೆ ಹೆದರಿ ಮೂಲೆಗೆ ಓಡಿದವು. ಪೆಟ್ಟಿಗೆಯ ಗೋಡೆ ಹತ್ತಲು ಹೋಗಿ ಜಾರಿ ಬಿದ್ದವು. ಕೆಳಗಿಳಿದಂತೆ ಸತ್ತವುಗಳೇ ಹೆಚ್ಚಾದವು. ಕೊನೆಯ ಟ್ರೇ ಎತ್ತಿದಾಗ ನೂರಾರು ಮರಿಗಳು ಅರೆದ ಮಸಾಲೆಯಂತೆ ಅಂಟಿಕೊಂಡಿದ್ದವು.

ಆ ಮುದ್ದೆಯ ನಡುವೆ ಕಬ್ಬಿಣದ ರಾಡು.

ಇನ್ಸ್‌ಪೆಕ್ಟರ್ ಕೈಗವಸು ಹಾಕಿಕೊಂಡು ಅದನ್ನು ಎತ್ತಿದಳು. ಒಂದೂವರೆ ಅಡಿ ಉದ್ದ. ಒಂದು ತುದಿ ಚಪ್ಪಟೆ, ಸ್ವಲ್ಪ ಬಾಗಿದ್ದು. ಲಾರಿಯ ಟೈರನ್ನು ಚಕ್ರದಿಂದ ಬಿಚ್ಚುವ ರಾಡು.

"ರಕ್ತಾನೇ ಇಲ್ಲವಲ್ಲ," ಎಂದ ಕಡ್ಡಿ ಬಾಗಿಲಿನಿಂದ.

"ಎರಡು ದಿನ ಇವುಗಳ ಜೊತೆ ಇತ್ತಲ್ಲ," ಎಂದಳು ಮಗಳು. ಧ್ವನಿಯಲ್ಲಿ ಏರಿಳಿತವಿರಲಿಲ್ಲ. "ತಿಂದಿವೆ."

ಆದರೆ ಎಲ್ಲವನ್ನೂ ತಿಂದಿರಲಿಲ್ಲ. ಚಪ್ಪಟೆ ತುದಿ ಸೀಳುಬಿಟ್ಟಿದ್ದ ಕಡೆ ಎರಡು ಬಿಳಿ ಕೂದಲು ಸಿಕ್ಕಿಕೊಂಡಿದ್ದವು. ಅವುಗಳ ಬುಡದಲ್ಲಿ ಸಾಸಿವೆಯಷ್ಟು ಚರ್ಮ.

ಮಗಳು ಅದನ್ನು ನೋಡಿದಳು. ನಂತರ ನಿಧಾನಕ್ಕೆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

ಇನ್ಸ್‌ಪೆಕ್ಟರ್ ಅವಳೆದುರು ಮಂಡಿಯೂರಿದಳು.

"ದರ್ಜಿ ಹತ್ರ ಕತ್ತರಿ ಇರತ್ತೆ, ಇಸ್ತ್ರಿ ಪೆಟ್ಟಿಗೆ ಇರತ್ತೆ. ಟೈರ್ ಬಿಚ್ಚೋ ರಾಡು ಅವನಿಗೆ ಯಾಕಮ್ಮ?"

ಮಗಳು ರಾಡಿನಿಂದ ಕಣ್ಣು ತೆಗೆದಳು.

"ನಿನ್ನ ಗಂಡಂದು ಟೈರ್ ಅಂಗಡಿ ಅಲ್ವಾ?"

"ಊರಲ್ಲಿ ಹತ್ತು ಟೈರ್ ಅಂಗಡಿ ಇದೆ."

"ಕೈಗೆ ಏನಾಗಿದ್ದು?"

"ಬಚ್ಚಲಲ್ಲಿ ಜಾರಿದೆ."

"ಅದನ್ನ ನಿನ್ನೆ ಹೇಳಿದ್ದೆ. ಇವತ್ತು ಏನಾಗಿದ್ದು?"

ಮಗಳು ಪಟ್ಟಿಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಳು.

"ಬಾಗಿಲ ಸಂದೀಲಿ ಕೈ ಇಡು ಅಂದ್ರು. ಇಟ್ಟೆ. ಬಾಗಿಲು ಒದ್ದರು." ಗಂಡನನ್ನು ಅವಳು ಬಹುವಚನದಲ್ಲೇ ಕರೆಯುತ್ತಿದ್ದಳು. "ಒಂದೇ ಸಲಕ್ಕೆ ಮುರೀಲಿಲ್ಲ. ಇನ್ನೊಂದ್ಸಲ ಇಡು ಅಂದ್ರು."

ಇನ್ಸ್‌ಪೆಕ್ಟರ್ ಜೇಬಿನಿಂದ ಡೈರಿ ತೆಗೆದಳು.

"ಅಪ್ಪನಿಗೆ ಗೊತ್ತಾಯ್ತು. ನನ್ನ ಬಟ್ಟೆಬರೆಯೆಲ್ಲ ಇಲ್ಲಿಗೆ ತಂದಿಟ್ಟರು. ಪಕ್ಕದ ರೂಮಲ್ಲಿದ್ದ ಪೆಟ್ಟಿಗೆಗಳನ್ನೆಲ್ಲ ಇಲ್ಲಿಗೆ ಸಾಗಿಸಿ, ಸುಣ್ಣ ಹೊಡೆಸಿ, ನಂಗೆ ಹಾಸಿಗೆ ಹಾಸಿದ್ರು. ನಾಳೆಯಿಂದ ಮಗಳು ನಿನ್ನ ಮನೆಗೆ ಬರಲ್ಲ ಅಂತ ಅಳಿಯನಿಗೆ ಫೋನ್ ಮಾಡಿ ಹೇಳಿದ್ರು. ಮೊನ್ನೆ ಬೆಳಿಗ್ಗೆ."

"ನಮಗೆ ಇದನ್ನ ಯಾಕೆ ಮೊದಲೇ ಹೇಳಲಿಲ್ಲ?"

"ಬಾಯಿಬಿಟ್ರೆ ನಿಮ್ಮಪ್ಪನ್ನ ಕೊಲ್ತೀನಿ ಅಂದಿದ್ರು. ಮೂರು ವರ್ಷದಿಂದ ಅದನ್ನೇ ಹೇಳ್ತಿದ್ರು." ಅವಳು ತಲೆಯೆತ್ತಿದಳು. "ಈಗ ಹೆದರೋಕೆ ಏನೂ ಉಳಿದಿಲ್ಲ. ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ಎದ್ದಳು. "ಠಾಣೆಗೆ ಫೋನ್ ಮಾಡಿ. ಜೀಪು ಬರಲಿ, ನಾಲ್ಕು ಜನ ಬರಲಿ. ಆ ದರ್ಜಿಗೆ ಮುಖ ತೊಳೆಯೋಕೆ ನೀರು ಕೊಡೋಕೆ ಹೇಳಿ."

"ಹಲ್ಲೊಂದು ಉದುರಿದೆ ಅವನಿಗೆ," ಎಂದ ಕಡ್ಡಿ, ಫೋನಿಗೆ ಕೈ ಹಾಕುತ್ತ.

"ಉದುರಿಸಿದ್ದು ನೀವು."

"ಒಂದೇ ಏಟು ಮೇಡಂ. ಹಲ್ಲು ಮೊದಲೇ ಅಲ್ಲಾಡ್ತಿತ್ತು."

ಅವನು ಫೋನು ಮುಗಿಸುವಷ್ಟರಲ್ಲಿ ಕೆಳಗೆ ವ್ಯಾನೊಂದು ನಿಂತಿತು. ಕಡ್ಡಿ ಮೆಟ್ಟಿಲ ಕಟಕಟೆಯಿಂದ ಬಗ್ಗಿ ನೋಡಿ, ಒಳಗೆ ಮುಖ ತೋರಿಸಿದ.

"ಅಳಿಯಂದಿರು ತಾವಾಗೇ ದಯಮಾಡಿಸಿದಾರೆ."

ಇನ್ಸ್‌ಪೆಕ್ಟರ್ ಎರಡು ಕ್ಷಣ ಯೋಚಿಸಿದಳು. ಟ್ರೇಗಳನ್ನು ಪೆಟ್ಟಿಗೆಗೆ ತುಂಬಿ ಮುಚ್ಚಳ ಹಾಕಿದಳು. ರಾಡನ್ನು ಬಾಗಿಲ ಹಿಂದಿನ ಗೋಣಿಚೀಲದ ಮರೆಗೆ ಒರಗಿಸಿದಳು.

"ನೀನು ಕೂತಲ್ಲೇ ಕೂತಿರು," ಎಂದಳು ಮಗಳಿಗೆ. "ಏನೂ ಮಾತಾಡಬೇಡ."

ಅಳಿಯ ಒಳಗೆ ಬಂದ. ಮೂವತ್ತೈದರ ಆಸುಪಾಸು, ಗಟ್ಟಿ ಮೈಕಟ್ಟು, ಗ್ರೀಸು ಹಿಡಿದ ಉಗುರು. ಬಾಗಿಲಲ್ಲಿ ಕರವಸ್ತ್ರ ಕಟ್ಟಿ ನಿಂತಿದ್ದ ಪೊಲೀಸನ ಕಡೆ ತಿರುಗಿಯೂ ನೋಡದೆ ಇನ್ಸ್‌ಪೆಕ್ಟರಿಗೆ ಕೈಮುಗಿದ.

"ನಮಸ್ಕಾರ ಮೇಡಂ. ನೀವಿರ್ತೀರ ಅಂತ ಗೊತ್ತಿರಲಿಲ್ಲ. ಈ ದರಿದ್ರಗಳನ್ನ ಸಾಗಿಸೋಣ ಅಂತ ವ್ಯಾನ್ ತಂದೆ. ಮಾವ ಹೋದ್ಮೇಲೆ ಇವನ್ನ ಯಾರು ನೋಡ್ಕೋತಾರೆ? ಇವಳು ಬೇರೆ ಊಟ ಬಿಟ್ಟು ಇಲ್ಲೇ ಬಿದ್ದಿರ್ತಾಳೆ."

"ಒಳ್ಳೇದೇ ಆಯ್ತು. ನಮ್ಮ ಕೆಲಸ ಮುಗೀತು. ತಗೊಂಡು ಹೋಗು."

ಅವನ ಹುಬ್ಬು ಸಡಿಲವಾಯಿತು. ಅಂಗಿಯ ತೋಳು ಮಡಚಿಕೊಂಡ. ಬಾಗಿಲ ಹತ್ತಿರವೇ ಇದ್ದ ಮೊದಲನೆಯ ಪೆಟ್ಟಿಗೆಯನ್ನು ದಾಟಿದ. ಎರಡು, ಮೂರು, ನಾಲ್ಕು ದಾಟಿದ. ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಏಳನೆಯದರ ಹಿಡಿಗೆ ಕೈ ಹಾಕಿದ.

"ಅದೇ ಯಾಕೆ?"

"ಯಾವುದಾದ್ರೇನು ಮೇಡಂ."

"ಅದನ್ನೇ ನಾನೂ ಕೇಳ್ತಿರೋದು. ಬಾಗಿಲ ಪಕ್ಕದಲ್ಲೇ ಒಂದಿತ್ತು. ಅದನ್ನ ಬಿಟ್ಟು ಮೂಲೆಗೆ ಹೋದೆ."

"ಇದು ಹಗುರ ಇರಬಹುದು ಅಂತ."

"ಹೌದು, ಈಗ ಸ್ವಲ್ಪ ಹಗುರ ಆಗಿದೆ." ಇನ್ಸ್‌ಪೆಕ್ಟರ್ ಗೋಣಿಚೀಲದ ಹಿಂದಿನಿಂದ ರಾಡು ಎತ್ತಿಕೊಂಡಳು. "ಇದನ್ನ ತೆಗೆದ ಮೇಲೆ."

ಅವನು ರಾಡನ್ನು ನೋಡಿದ. ಹೆಂಡತಿಯನ್ನು ನೋಡಿದ.

"ಲೇ," ಎಂದ ಮೆಲ್ಲಗೆ. "ಏನು ಊದಿದೆ ಇವರ ಕಿವೀಲಿ?"

ಮರುಕ್ಷಣ ಏಳನೆಯ ಪೆಟ್ಟಿಗೆ ಗಾಳಿಯಲ್ಲಿತ್ತು.

ಅದರ ಅಂಚು ಇನ್ಸ್‌ಪೆಕ್ಟರಿನ ಎದೆಗೆ ಬಡಿಯಿತು. ಮುಚ್ಚಳ ಹಾರಿ, ಟ್ರೇಗಳು ಹರಿದು, ಜೀವಂತ ಜಿರಳೆ, ಸತ್ತ ಜಿರಳೆ, ಕರಿ ಹಿಕ್ಕೆಯ ಪುಡಿ ಎಲ್ಲ ಆಕೆಯ ಮುಖಕ್ಕೆ ಸುರಿದವು. ಆಕೆ ಹಿಂದಕ್ಕೆ ಬಿದ್ದಳು. ಬಿದ್ದವಳು ಸೊಂಟದಿಂದ ಪಿಸ್ತೂಲು ಎಳೆಯುವಷ್ಟರಲ್ಲಿ ಅವನ ಬೂಟು ಆಕೆಯ ಮಣಿಕಟ್ಟಿಗೆ ಬಿತ್ತು. ಪಿಸ್ತೂಲು ನೆಲದ ಮೇಲೆ ತಿರುಗುತ್ತ ಹೊಸ್ತಿಲ ಕಡೆ ಹೋಯಿತು.

ರಾಡು ಅವನ ಕೈಗೆ ಸಿಕ್ಕಿತ್ತು.

ಅವನು ಮೊದಲು ತಿರುಗಿದ್ದು ಹೆಂಡತಿಯ ಕಡೆ. ಪಟ್ಟಿ ಕಟ್ಟಿದ ತೋಳು ಹಿಡಿದು ಮೇಲಕ್ಕೆಳೆದ. ಪಟ್ಟಿ ಬಿರುಕುಬಿಟ್ಟ ಸದ್ದು, ಅದರ ಕೆಳಗೆ ಇನ್ನೊಂದು ಸದ್ದು.

"ಬಿಡೋ ಅವಳನ್ನ," ಎಂದು ಇನ್ಸ್‌ಪೆಕ್ಟರ್ ಕಣ್ಣಿನ ಧೂಳು ಒರೆಸಿಕೊಳ್ಳದೆಯೇ ಅವನ ಕಾಲಿಗೆ ಬಿದ್ದು ಮೊಣಕಾಲು ಹಿಡಿದೆಳೆದಳು. ಅವನು ತೂರಾಡಿದ. ರಾಡು ಬೀಸಿದ. ತಲೆಗೆ ಗುರಿಯಿಟ್ಟದ್ದು, ಆಕೆ ಹೊರಳಿದ್ದರಿಂದ ಹೆಗಲಿಗೆ ಬಿತ್ತು. ಕೊರಳೆಲುಬು ಮುರಿದದ್ದು ಆಕೆಗೆ ಹಲ್ಲಿನಲ್ಲಿ ಕೇಳಿಸಿತು. ಎಡಗೈ ತನ್ನದಲ್ಲವೆಂಬಂತೆ ಜೋತುಬಿತ್ತು.

ರಾಡು ಎರಡನೆಯ ಸಲ ಎತ್ತಿದ್ದು ಕೆಳಗಿಳಿಯಲಿಲ್ಲ.

ಕಡ್ಡಿ ಒಳಗೆ ಬಂದಿದ್ದ. ಅವನು ರಾಡಿನ ಏಟನ್ನು ಮುಂಗೈ ಮೇಲೆ ತೆಗೆದುಕೊಂಡ, ತೆಗೆದುಕೊಂಡದ್ದು ಗೊತ್ತೇ ಆಗಲಿಲ್ಲವೆಂಬಂತೆ ಅಳಿಯನ ಕುತ್ತಿಗೆ ಹಿಡಿದ. ಇಬ್ಬರೂ ರ‍್ಯಾಕಿಗೆ ಅಪ್ಪಳಿಸಿದರು. ಅಳಿಯನ ಬೆರಳುಗಳು ಕಡ್ಡಿಯ ಕಣ್ಣಿಗೆ ಹೋದವು, ಕರವಸ್ತ್ರಕ್ಕೆ ಸಿಕ್ಕಿಕೊಂಡು ಅದನ್ನು ಕಿತ್ತವು. ಕಡ್ಡಿ ಅವನ ಹಿಂದಲೆಯ ಕೂದಲು ಹಿಡಿದು ಮುಖವನ್ನು ರ‍್ಯಾಕಿನ ಅಂಚಿಗೆ ಕುಟ್ಟಿದ. ಮೂಗು ಹೋಯಿತು. ಮತ್ತೆ ಕುಟ್ಟಿದ. ಹಲ್ಲುಗಳು ನೆಲಕ್ಕೆ ಬಿದ್ದು ಪುಟಿದವು.

"ಸಾಕು," ಎಂದಳು ಇನ್ಸ್‌ಪೆಕ್ಟರ್.

ಕಡ್ಡಿ ಮೂರನೆಯ ಸಲ ಕುಟ್ಟಿದ. ಅಳಿಯನ ಕಾಲುಗಳು ಸೋತು ಮಡಚಿದವು.

"ಸಾಕು ಅಂದೆ."

ನಾಲ್ಕನೆಯದು.

"ಅವನು ಸಾಯ್ತಾನೆ ಕಣ್ರೀ. ಬಿಡಿ."

ಕಡ್ಡಿ ಬಿಟ್ಟ. ಅವನ ಎದೆ ತಿದಿಯಂತೆ ಏರಿಳಿಯುತ್ತಿತ್ತು. ಅಳಿಯನನ್ನು ಬೋರಲು ಕೆಡವಿ, ಬೆನ್ನ ಮೇಲೆ ಮಂಡಿಯಿಟ್ಟು, ಕೈಗಳನ್ನು ಹಿಂದಕ್ಕೆಳೆದು ಬೇಡಿ ತೊಡಿಸಿದ. ಆಮೇಲೆ ಎದ್ದು ಹೊಸ್ತಿಲ ಬಳಿ ಬಿದ್ದಿದ್ದ ಪಿಸ್ತೂಲನ್ನು ಎತ್ತಿಕೊಂಡ.

ನೆಲದ ತುಂಬ ಜಿರಳೆ ಹರಿದಾಡುತ್ತಿದ್ದವು. ಒಂದಷ್ಟು ಆಗಲೇ ಅಳಿಯನ ಬಾಯಿಂದ ಸುರಿದ ರಕ್ತದ ಸುತ್ತ ಸೇರಿ ಮೀಸೆ ಆಡಿಸುತ್ತಿದ್ದವು.

ಇನ್ಸ್‌ಪೆಕ್ಟರಿನ ಜೇಬಿನಲ್ಲಿ ಫೋನು ಅಲುಗಿತು. ಆಕೆ ಗೋಡೆಗೊರಗಿ, ಉಳಿದಿದ್ದ ಒಂದು ಕೈಯಲ್ಲಿ ಅದನ್ನು ತೆಗೆದು ಸ್ಪೀಕರ್ ಒತ್ತಿದಳು. ಹೆಣ ಕುಯ್ದ ಡಾಕ್ಟರು.

"ನಿಮ್ಮ ಮೇಷ್ಟ್ರದು ಮುಗೀತು," ಎಂದರು ಅವರು. "ತಲೆಗೆ ಎರಡು ಏಟು. ಜೋರಾಗೇ ಬಿದ್ದಿದೆ. ಆದರೆ ಬುರುಡೆ ಒಡೆದಿಲ್ಲ, ಒಳಗೆ ರಕ್ತ ಸೋರಿಲ್ಲ. ಚರ್ಮ ಹರಿದಿದ್ದಕ್ಕೆ ಅಷ್ಟು ರಕ್ತ. ಹೊಲಿಗೆ ಹಾಕಿದ್ರೆ ನಾಲ್ಕು ದಿನದಲ್ಲಿ ಓಡಾಡ್ತಿದ್ರು."

"ಹಾಗಾದ್ರೆ ಸತ್ತಿದ್ದು ಹೇಗೆ?"

"ಉಸಿರುಗಟ್ಟಿ. ಮೂಗು ಬಾಯಿ ಎರಡನ್ನೂ ಬಟ್ಟೆಯಿಂದ ಒತ್ತಿ ಹಿಡಿದಿದಾರೆ. ತುಟಿ ಒಳಗಡೆ ಅವರದೇ ಹಲ್ಲು ನಾಟಿದೆ, ನಾಲಗೆ ಮೇಲೆ ನೂಲಿನ ಎಳೆ ಇದೆ. ಮತ್ತೆ ಇನ್ನೊಂದು ವಿಷಯ. ಏಟು ಬಿದ್ದಿದ್ದಕ್ಕೂ ಜೀವ ಹೋಗಿದ್ದಕ್ಕೂ ಮಧ್ಯೆ ಅರ್ಧ ಗಂಟೆನಾದರೂ ಕಳೆದಿದೆ. ಗಾಯ ಆಗಲೇ ಊದಿಕೊಂಡಿತ್ತು."

ಆಕೆ ಫೋನು ಕೆಳಗಿಳಿಸಿದಳು. ನೋವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಆದರೂ ಅಳಿಯನ ಹತ್ತಿರ ಹೋಗಿ ಕೂತಳು.

"ಮಾವನ ಬಾಯಿಗೆ ಬಟ್ಟೆ ಒತ್ತಿದ್ದು ಯಾವಾಗ?"

"ಯಾವ ಬಟ್ಟೆ?" ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲಿತು. "ಎರಡು ಬಾರಿಸಿದೆ. ನಿಜ. ಬಿದ್ದ. ರಾಡು ಆ ಡಬ್ಬದಲ್ಲಿ ಹೂತು ಓಡಿದೆ. ಉಸಿರಾಡ್ತಾ ಬಿದ್ದಿದ್ದ. ಗೊರಗೊರ ಅಂತಿದ್ದ. ಬಟ್ಟೆ ಗಿಟ್ಟೆ ಏನೂ ಇಲ್ಲ."

"ಓಡಿ ಎಲ್ಲಿಗೆ ಹೋದೆ?"

"ಎಲ್ಲೂ ಹೋಗಲಿಲ್ಲ. ಎದುರುಗಡೆ ವ್ಯಾನಲ್ಲಿ ಕೂತಿದ್ದೆ. ಗಾಬರೀಲಿ ಕೀಲಿ ಹಾಕೋಕೇ ಆಗ್ಲಿಲ್ಲ. ಅರ್ಧ ಗಂಟೆಗೆ ಒಬ್ಬ ಬಂದ. ಮಾಮೂಲಿ ಬಟ್ಟೆ. ಗೇಟಲ್ಲಿ ಹೆಲ್ಮೆಟ್ ತೆಗೆದು ಮೇಲಕ್ಕೆ ಹೋದ. ಹೋಯ್ತು, ನನ್ನ ಕಥೆ ಮುಗೀತು ಅಂದ್ಕೊಂಡೆ. ಈಗ ಕೂಗಾಡ್ತಾನೆ, ಜನ ಸೇರ್ತಾರೆ. ಏನೂ ಆಗ್ಲಿಲ್ಲ. ಹತ್ತು ನಿಮಿಷ ಬಿಟ್ಟು ಇಳಿದು ಬಂದು, ಗೇಟು ಹಾಕ್ಕೊಂಡು, ಹೋದ."

"ಯಾರವನು?"

ಅಳಿಯ ನೆಲಕ್ಕೆ ಒತ್ತಿದ್ದ ಮುಖವನ್ನು ಕಷ್ಟಪಟ್ಟು ಹೊರಳಿಸಿದ. ಊದಿಕೊಳ್ಳುತ್ತಿದ್ದ ಕಣ್ಣಿನ ಸಂದಿಯಿಂದ ಮೇಲೆ ನೋಡಿದ.

"ಅವತ್ತು ಯಾರು ಅಂತ ಗೊತ್ತಿರಲಿಲ್ಲ. ಈಗ ಮುಖದ ಮೇಲಿನ ಬಟ್ಟೆ ಹೋಯ್ತಲ್ಲ," ಎಂದ. "ಇವನೇ."

ಕಡ್ಡಿ ಬಾಗಿಲಲ್ಲಿ ನಿಂತಿದ್ದ. ಅವನ ಬರಿಮುಖದ ಮೇಲೆ ಬೆವರು ಹರಿಯುತ್ತಿತ್ತು. ಪಿಸ್ತೂಲು ಕೈಯಲ್ಲೇ ಇತ್ತು, ನೆಲದ ಕಡೆ ಮುಖ ಮಾಡಿಕೊಂಡು.

ಅವನು ಬೈಯುತ್ತಾನೆ, ಒದೆಯುತ್ತಾನೆ, ನಗುತ್ತಾನೆ ಎಂದು ಇನ್ಸ್‌ಪೆಕ್ಟರ್ ಕಾದಳು. ಅವನು ಯಾವುದನ್ನೂ ಮಾಡಲಿಲ್ಲ.

"ಹೇಳಬೇಕು ಅಂತಲೇ ಇದ್ದೆ ಮೇಡಂ," ಎಂದ. "ನಾನು ಬಂದಾಗ ಮೇಷ್ಟ್ರಿಗೆ ಜೀವ ಇತ್ತು."

"ಪಿಸ್ತೂಲು ಕೆಳಗಿಡಿ."

"ಇಡ್ತೀನಿ. ಮೊದಲು ಕೇಳಿ." ಅವನ ಧ್ವನಿ ಠಾಣೆಯಲ್ಲಿ ಟಪಾಲು ಓದುವಾಗಿನಷ್ಟೇ ಸಮವಾಗಿತ್ತು. "ಅವರೇ ಫೋನ್ ಮಾಡಿ ಕರೆದ್ರು. ಎರಡು ದಿನದಿಂದ ನೀವು ಹುಡುಕ್ತಿದೀರಲ್ಲ, ಆ ಫೋನು ನನ್ನ ಮನೇಲಿದೆ. ಹೇಗೆ ಗೊತ್ತು ಅಂತೀರ ಅಂತ ಇವನ ಹೆಸರು ಎತ್ತಲಿಲ್ಲ, ದರ್ಜಿಗೆ ಏಟು ಬಿತ್ತು. ಬಂದೆ. ತಲೆ ಹಿಡ್ಕೊಂಡು ಇಲ್ಲೇ ಗೋಡೆಗೊರಗಿ ಕೂತಿದ್ರು. ಆಸ್ಪತ್ರೆಗೆ ನಡೀರಿ ಮೇಷ್ಟ್ರೇ ಅಂದೆ. ಎರಡು ಏಟಿಗೆ ಇವನಿಗೆ ಎಷ್ಟು ವರ್ಷ ಹಾಕ್ತಾರೋ ಅಂತ ಕೇಳಿದ್ರು. ನಿಜ ಹೇಳಿದೆ. ವಾರದಲ್ಲಿ ಜಾಮೀನು, ಆಮೇಲೆ ನಿಮ್ಮ ಮಗಳ ಮನೆ ಬಾಗಿಲಿಗೇ ಬರ್ತಾನೆ ಅಂದೆ. ಪಕ್ಕದ ರೂಮಿನ ಕಡೆ ನೋಡಿದ್ರು. ಆಮೇಲೆ, ನಾನು ಸತ್ತರೆ ಎಷ್ಟು ವರ್ಷ ಅಂದ್ರು."

ಮಗಳು ತೋಳನ್ನು ಎದೆಗೊತ್ತಿಕೊಂಡು ಗೋಡೆ ಹಿಡಿದು ಎದ್ದು ನಿಂತಳು.

"ಸುಳ್ಳು," ಎಂದ ನೆಲದ ಮೇಲಿದ್ದವನು. "ಮೇಡಂ, ಇವನು ಕೊಂದು ನನ್ನ ತಲೆಗೆ ಕಟ್ತಿದಾನೆ. ಡಾಕ್ಟರು ಹೇಳಿದ್ರಲ್ಲ. ನೀವು ಕೇಳಿಸ್ಕೊಂಡ್ರಲ್ಲ."

ಕೆಳಗೆ ಜೀಪು ಬಂದು ನಿಂತಿತು. ಬಾಗಿಲುಗಳು ಬಡಿದುಕೊಂಡವು. ಯಾರೋ ಕಡ್ಡಿಯ ಹೆಸರು ಹಿಡಿದು ಕೂಗಿದರು.

"ಅಪ್ಪ ನಿಜವಾಗ್ಲೂ ಕೇಳಿದ್ರಾ?" ಎಂದಳು ಮಗಳು.

"ಎರಡು ಸಲ ಕೇಳಿದ್ರು ತಾಯಿ. ಮೊದಲನೇ ಸಲ 'ನನ್ನ ಕೈಲಾಗಲ್ಲ ಮೇಷ್ಟ್ರೇ' ಅಂದೆ." ಅವನು ಪೆಟ್ಟಿಗೆಗಳ ಕಡೆ ತಿರುಗಿದ. "ಕೊನೇಗೆ ಕಾಲು ಒದ್ದಾಡಿಸಿದ್ರು. ಕೇಳಿದವರೇ ಆದ್ರೂ ಒದ್ದಾಡ್ತಾರೆ. ಆಗ ಬಾಗಿಲ ಪಕ್ಕದ ಆ ಪೆಟ್ಟಿಗೆ ಮಗುಚಿತು."

ಮೆಟ್ಟಿಲ ಮೇಲೆ ಬೂಟುಗಳು. ಒಂದನೇ ಮಹಡಿ. ಎರಡು.

ಇನ್ಸ್‌ಪೆಕ್ಟರ್ ಉಸಿರು ಬಿಗಿಹಿಡಿದು ಎದ್ದಳು. ಕೂಗಿದರೆ ನಾಲ್ಕು ಜನ ಒಳಗಿರುತ್ತಾರೆ. ಡಾಕ್ಟರ ವರದಿ ಸಂಜೆಗೆ ಮೇಜಿನ ಮೇಲಿರುತ್ತದೆ. ಅದರಲ್ಲಿ ಬರೆದದ್ದೇ ನಿಂತರೆ ಕೊಲೆಗಾರ ಕಡ್ಡಿ, ಅಳಿಯ ಬರೀ ಎರಡು ಏಟಿನ ಆಸಾಮಿ. ಇವತ್ತಿನ ಜಗಳವನ್ನೂ ಸೇರಿಸಿದರೆ ಒಂದೆರಡು ವರ್ಷ. ಮಗಳ ಮುಖದಲ್ಲಿ ಅದೇ ಲೆಕ್ಕ ನಡೆಯುತ್ತಿರುವುದು ಆಕೆಗೆ ಕಂಡಿತು.

ಮಗಳು ಬರಿಗಾಲಲ್ಲಿ ಜಿರಳೆಗಳ ನಡುವೆ ನಡೆದು ಬಾಗಿಲ ಹತ್ತಿರ ಹೋದಳು. ಕಡ್ಡಿ ದಾರಿ ಬಿಟ್ಟ. ಅವಳು ಎಡಗೈಯಿಂದ ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದಳು.

"ಏನು ಮಾಡ್ತಿದೀಯ?" ಎಂದಳು ಇನ್ಸ್‌ಪೆಕ್ಟರ್.

"ಮೇಡಂ, ನೀವು ಬರ್ಕೊಂಡಿದ್ದು ಹಾಗೇ ಇರಲಿ. ಅಳಿಯ ಮಾವನ್ನ ಕೊಂದ ಅಂತ." ಅವಳ ಹಣೆಯ ಮೇಲೆ ನೋವಿನ ಬೆವರು ಹನಿಗಟ್ಟಿತ್ತು, ಮಾತು ಮಾತ್ರ ಎಲ್ಲೂ ಅಲುಗಲಿಲ್ಲ. "ಆ ಬಟ್ಟೆ ಒತ್ತಿದ್ದೂ ಇವರೇ ಅಂತ ನಾನು ಹೇಳ್ತೀನಿ. ಈ ಪೊಲೀಸಣ್ಣನೂ ಹೇಳ್ತಾರೆ. ನೀವೂ ಹೇಳಿದ್ರೆ ಮೂರು ಜನ ಆದ್ವಿ. ಮೂರು ಜನ ಹೇಳಿದ್ದನ್ನ ಯಾರು ಇಲ್ಲ ಅಂತಾರೆ?"

ನೆಲದ ಮೇಲೆ ಬೇಡಿಯ ಸರಪಳಿ ಝಣಝಣಿಸಿತು. ಅಳಿಯ ಮೊದಲ ಬಾರಿಗೆ ಕಿರುಚಿದ. ಕಡ್ಡಿ ಬಗ್ಗಿ ಅವನ ಬಾಯಿಗೆ ಅಂಗೈ ಒತ್ತಿದ.

ಹೊರಗಿನಿಂದ ಬಾಗಿಲು ಬಡಿಯಿತು. "ಮೇಡಂ? ಒಳಗಿದೀರಾ?"

"ಈ ಕೋಣೇಲಿ ಮೂರಲ್ಲಮ್ಮ," ಎಂದಳು ಇನ್ಸ್‌ಪೆಕ್ಟರ್ ತಗ್ಗಿದ ದನಿಯಲ್ಲಿ. "ನಾಲ್ಕು ಜನ ಇದೀವಿ."

ಮಗಳು ಕಡ್ಡಿಯ ಕೈಯಲ್ಲಿದ್ದ ಪಿಸ್ತೂಲನ್ನು ನೋಡಿದಳು. ಗಂಡನನ್ನು ನೋಡಿದಳು.

"ಸದ್ಯಕ್ಕೆ," ಎಂದಳು.